ಕಾಲ್ಗಡಗ ಕಳೆದ ಹುಡುಗಿ ಮತ್ತು ನಿಂತ ಲಾರಿಗಳು

ಅದಿರಿನ ಲಾರಿ ತೂಗುವವನು ಕಾದಂಬರಿ ಬರೆಯಲು ಕೂತರೆ ಏನೇನು ಫಜೀತಿ ಆಗಬೇಕೋ ಅಷ್ಟೂ ನನಗೆ ಆಗಿದೆ. ಗಣಿಗಾರಿಕೆ ಜೋರಿದ್ದ ಕಾಲ. ಸಂಡೂರಿನ ಹತ್ತಿರ ಒಂದು ವೇಬ್ರಿಡ್ಜಿನಲ್ಲಿ ಲಾರಿ ತೂಗಿ ಚೀಟಿ ಬರೆಯುವುದು ನನ್ನ ಕೆಲಸ. ಹಾಳಾದ ಚೀಟಿಗಳ ಹಿಂಬದಿಯಲ್ಲಿ ಮಾತ್ರ ವಿಜಯನಗರದ ಪ್ರೇಮಕಥೆ ಬರೆಯುತ್ತಿದ್ದೆ. ಅರಮನೆಯ ಔತಣದಿಂದ ಚಪ್ಪಲಿ ಬಿಟ್ಟು ಓಡಿದ, ಮಲತಾಯಿ ಕಾಟದ ಹುಡುಗಿಯ ಹಳೆಯ ಕಥೆ ಇದೆಯಲ್ಲ, ಅದೇ. ಚಪ್ಪಲಿಯನ್ನು ಕಾಲ್ಗಡಗ ಮಾಡಿದ್ದೆ, ಮಾಯಗಾತಿಯನ್ನು ತುಂಗಭದ್ರೆಯ ಹರಿಗೋಲಿನಲ್ಲಿ ಕರೆತಂದಿದ್ದೆ. ಒಬ್ಬರಾದರೂ ಇದನ್ನು ಮನಸ್ಸಿಟ್ಟು ಓದಲಿ ಅನ್ನುವುದೊಂದೇ ನನ್ನ ಆಸೆ.

ಕುಂಬಳಕಾಯಿ

ಮೊದಲು ಸಿಕ್ಕವಳು ಹೆಂಡತಿ. ಚಿತ್ತವಾಡ್ಗಿಯ ಮನೆಯಲ್ಲಿ ನಾನು ಓದುತ್ತಾ ಹೋದೆ, ಅವಳು ಅಕ್ಕಿ ಆರಿಸುತ್ತಾ ಕೇಳಿದಳು. ಮಾಯಗಾತಿ ಕುಂಬಳಕಾಯಿಯನ್ನು ಪಲ್ಲಕ್ಕಿ ಮಾಡಿದಲ್ಲಿ ಅವಳ ಕೈ ನಿಂತಿತು.

"ಮನ್ಯಾಗ ಇದ್ದದ್ದು ಅದೊಂದ ಕಾಯೇನ್ರಿ?"

"ಹೌದು."

"ಹಂಗಾರ ಮಲತಾಯಿ ಬೈಯೂದು ಸುಳ್ಳಲ್ಲ ಬಿಡ್ರಿ. ಪಲ್ಯಕ್ಕ ಏನ್ ಮಾಡ್ಬೇಕು ಆಕಿ?"

ಅಂದಿನಿಂದ ಅವಳು ಮಲತಾಯಿಯ ಪಕ್ಷ. ಮುಂದೆ ಕೇಳಲೇ ಇಲ್ಲ.

ಮೆಟ್ಟಿಲು

ಕಡಗ ಬೀಳಲು ಒಂದು ಮೆಟ್ಟಿಲು ಬೇಕಿತ್ತು. ಕಡ್ಡಿರಾಂಪುರದ ಒಬ್ಬ ಗೈಡಿಗೆ ಕಥೆ ಹೇಳಿ, ಹಂಪಿಯಲ್ಲಿ ಒಂದು ಹಾಳು ಮಂಟಪದ ಮೆಟ್ಟಿಲು ಆರಿಸಿಕೊಂಡು ಬಂದೆ. ತಿಂಗಳು ಬಿಟ್ಟು ಹೆಂಡತಿಯ ಜೊತೆ ಹೋದರೆ, ಅವನು ಪ್ರವಾಸಿಗರಿಗೆ ಅದನ್ನೇ ತೋರಿಸುತ್ತಿದ್ದಾನೆ: "ಕಡಗ ಬಿದ್ದದ್ದು ಇಲ್ಲೇ ನೋಡ್ರಿ."

"ಅಣ್ಣಾ, ಅದು ನಾ ಬರದದ್ದು" ಅಂದೆ.

ಅವನಿಗೆ ನನ್ನ ಗುರುತೇ ಸಿಗಲಿಲ್ಲ. "ಹಂಗನ್ನಬ್ಯಾಡ್ರಿ ಸಾರ್. ನಮ್ಮ ಮುತ್ಯಾನ ಕಾಲದಿಂದ ಹೇಳ್ಕೋತ ಬಂದೀವಿ."

ನನ್ನ ಹೆಂಡತಿ ಮೆಟ್ಟಿಲಿಗೆ ಕೈಮುಗಿದಳು.

ಸೀಲು

ಕೊನೆಯ ಅಧ್ಯಾಯವೊಂದು ಬಾಕಿ. ಅವತ್ತು ಲಾರಿಗಳ ಸಾಲು. ಗಡಿಬಿಡಿಯಲ್ಲಿ ಒಬ್ಬ ಡ್ರೈವರನಿಗೆ ಚೀಟಿಯ ಬದಲು ಆಗಷ್ಟೇ ಬರೆದು ಮುಗಿಸಿದ್ದ, ಕೊನೆಯದರ ಹಿಂದಿನ ಅಧ್ಯಾಯ ಕೊಟ್ಟು ಕಳಿಸಿಬಿಟ್ಟೆ. ಇದ್ದದ್ದು ಅದೊಂದೇ ಪ್ರತಿ. ಮೇಲಾಗಿ ಮ್ಯಾನೇಜರ್ "ಕೆಲಸ ಬೇಕೋ, ಕಥಿ ಬೇಕೋ" ಅಂತ ಮೊದಲೇ ಗದರಿಸಿದ್ದರು. ಗೊತ್ತಾಗುವಷ್ಟರಲ್ಲಿ ಲಾರಿ ಹೋಗಿಯಾಗಿತ್ತು.

ಸಂಜೆ ಆ ಡ್ರೈವರ್ ಯಾರದೋ ಬೈಕು ಹತ್ತಿ ಬಂದು ಹಾಳೆಗಳನ್ನು ಕೊಟ್ಟ. ರಾಜಕುಮಾರ ಹುಡುಗಿಯ ಪಾದ ಹಿಡಿಯುವ ಸಾಲಿನ ಮೇಲೆ ಚೆಕ್‌ಪೋಸ್ಟಿನ ಸೀಲು!

"ಸೀಲ್ ಹೊಡದ ಮ್ಯಾಲೆ ಸಾಹೇಬ್ರು ಓದಿದ್ರು ಸಾರ್. ಎರಡು ಸಲ."

ನನಗೆ ಕಣ್ಣು ತುಂಬಿ ಬಂತು. ಅಂತೂ ಒಬ್ಬ ಓದುಗ ಸಿಕ್ಕಿದ್ದ.

"ಕಡಗ ಆಕಿ ಕಾಲಿಗೆ ಕೂಡ್ತೋ ಇಲ್ಲೋ ಗೊತ್ತಾಗೂತನಕ ನಮ್ಮ ಗಾಡಿ ಒಂದೂ ಬಿಡೂದಿಲ್ಲಂತ."

ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದರು. ಕೆಲಸ ಹೋಯಿತು ಅಂದುಕೊಂಡೆ. ಅವರು ನನ್ನ ಕೈಗೆ ಪೆನ್ನು ತುರುಕಿದರು.

"ಚೀಟಿ ಆಮ್ಯಾಲೆ ಬರಿಯಾಕಂತಿ! ಹನ್ನೆರಡು ಲಾರಿ ನಿಂತಾವ. ಮೊದ್ಲು ಆ ಹುಡುಗೀದು ಲಗ್ನ ಮಾಡಿ ಮುಗಿಸು!"