ವ್ಯಂಕಟೇಶನ ಮೊದಲ ಹಕ್ಕಿ

ಹಕ್ಕಿಗಳ ಹೆಸರು ಬರೆಯಲೆಂದು ವ್ಯಂಕಟೇಶ ಕೊಂಡ ನೋಟುಬುಕ್ಕಿನಲ್ಲಿ ಐದು ದಿನದಿಂದ ತಾರೀಖು ಬಿಟ್ಟರೆ ಮತ್ತೇನೂ ಇರಲಿಲ್ಲ.

ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಅವನ ಮನಸ್ಸು ಜೇವರ್ಗಿಯ ಬೇಸಿಗೆ ಆಕಾಶದಂತೆ ಬಿಕೋ ಅನ್ನುತ್ತಿತ್ತು. ಡಾಕ್ಟರು ಗುಳಿಗೆ ಬರೆಯಲಿಲ್ಲ. "ಅಂಗಳದಾಗ ಕಾಳು ಇಡ್ರಿ, ನೀರು ಇಡ್ರಿ. ಮುಂಜಾನೆ ಅರ್ಧ ತಾಸು ಮಾತಾಡದಂಗ, ಅಳ್ಳಾಡದಂಗ ಕುಂಡ್ರಿ. ಬಂದ ಹಕ್ಕಿ ಬರ್ಕೊಳ್ರಿ. ಮನಸ್ಸು ಹಗುರಾಗ್ತದ," ಅಂದರು.

ಹೆಂಡತಿ ಪ್ರಮಿಲಾ ಜಡ್ಡಾದ ತಾಯಿಯನ್ನು ನೋಡಲು ಚೌಡಾಪುರಕ್ಕೆ ಹೋಗಿ ಹತ್ತು ದಿನವಾಗಿತ್ತು. ಹೋಗುವಾಗ, "ಅವ್ವನ್ನ ಇಲ್ಲೇ ತಂದು ಇಟ್ಕೊಳ್ಳೋಣೇನ್ರಿ?" ಅಂದಿದ್ದಳು. ಅತ್ತೆ ಮಾಣಿಕಮ್ಮ ನಿದ್ದೆಯಲ್ಲೂ ಮಾತಾಡುವ ಹೆಂಗಸು. "ನೋಡೋಣಂತ," ಅಂದಿದ್ದ ವ್ಯಂಕಟೇಶ, ಮೂವತ್ತು ವರ್ಷ ಕಚೇರಿಗೆ ಬಂದ ಅರ್ಜಿದಾರರಿಗೆ ಅಂದ ಹಾಗೆಯೇ. ಉಳಿದ ಆಯುಷ್ಯಕ್ಕೆ ಅವನಿಗೆ ಬೇಕಾಗಿದ್ದು ಸದ್ದಿಲ್ಲದ ಅಂಗಳ ಒಂದೇ.

ಇಟ್ಟ ಜೋಳವೆಲ್ಲ ಇರುವೆ ಪಾಲಾಯಿತು. ಆರನೆಯ ದಿನ ಅವನು ಬೇಯಿಸಿದ ಅನ್ನ ಮುದ್ದೆಯಾಗಿತ್ತು. ಅದನ್ನೇ ಉಂಡೆ ಕಟ್ಟಿದ. ಹಕ್ಕಿಗೆ ಎಳ್ಳೆಂದರೆ ಪ್ರಾಣ ಅಂತ ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದ್ದರು. ಕರಿ ಎಳ್ಳು ಉದುರಿಸಿ ಪತ್ರಾಳಿ ಎಲೆಯಲ್ಲಿ ಹಾಕಿ ಅಂಗಳದ ಗೋಡೆಯ ಮೇಲಿಟ್ಟ. ಸೆಕೆಗೆ ಅಂಗಿ ಹಾಕಿರಲಿಲ್ಲ, ಬರೇ ಧೋತರ. ಬೆವರುಸಾಲೆ ತಾಳದೆ ನಿನ್ನೆ ತಲೆಯನ್ನೂ ನುಣ್ಣಗೆ ಬೋಳಿಸಿಕೊಂಡಿದ್ದ. ಜೋಲು ಮುಖ ಮೇಲೆತ್ತಿ ಆಕಾಶ ನೋಡುತ್ತ ಕುರ್ಚಿಯಲ್ಲಿ ಕೂತ.

ಬಾಜೂ ಮನೆಯ ನಿಂಬೆವ್ವ ಗೋಡೆಯಾಚೆಯಿಂದ ಇಣುಕಿದಳು. ಬೋಳು ತಲೆ ನೋಡಿದಳು, ಎಳ್ಳು ಹಾಕಿದ ಅನ್ನದ ಉಂಡೆ ನೋಡಿದಳು. ಕೈಯಲ್ಲಿದ್ದ ಕಸಬರಿಗೆ ಕೆಳಗೆ ಬಿತ್ತು.

"ಅಯ್ಯ ನಮ್ಮವ್ವ! ಮಾಣಿಕಮ್ಮ ಹೋಗಿಬಿಟ್ಟಳೇನ್ರೀ ಅಣ್ಣಾರ?"

ವ್ಯಂಕಟೇಶ ಬಾಯಿಗೆ ಬೆರಳಿಟ್ಟ. ಅರ್ಧ ತಾಸು ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು.

"ದುಃಖಕ್ಕ ಮಾತೇ ಬರವಲ್ದು!" ಅಂತ ನಿಂಬೆವ್ವ ಓಣಿಗೆಲ್ಲ ಸಾರಿ ಬಂದಳು.

ಅಂಗಳ ಸಂತೆ ದಿನದ ಬಸ್ಸಿನಂತೆ ತುಂಬಿತು. ಎದುರು ಮನೆಯ ಸೈದಪ್ಪ ಮಾಸ್ತರರು ಬೆರಳು ಮಡಿಸಿದರು. "ಪ್ರಮಿಲಾ ಹೋಗಿ ಹತ್ತು ದಿನಾತು. ಲೆಕ್ಕ ಸರಿ ಅದ. ಇವತ್ತು ಹತ್ತನೇ ದಿನದ ಪಿಂಡ. ಮುದುಕಿಗೆ ಗಂಡುಮಕ್ಕಳಿಲ್ಲ, ಅಳಿಯನೇ ತಲಿ ಬೋಳಿಸ್ಕೊಂಡಾನ. ದೊಡ್ಡ ಗುಣ!"

"ಯಾರೂ ಸತ್ತಿಲ್ರೀ!" ವ್ಯಂಕಟೇಶ ಚೀರಿದ. "ನಾ ಹಕ್ಕಿ ನೋಡಾಕತ್ತೇನಿ!"

"ನಾವೂ ಅದನ್ನೇ ನೋಡಾಕತ್ತೇವಪಾ," ಮಾಸ್ತರರು ಬೆನ್ನು ಸವರಿದರು. "ಇನ್ನೂ ಬರವಲ್ದು."

ಅವನು ಪ್ರಮಿಲಾಗೆ ಫೋನು ಹಚ್ಚಿದ. ಎತ್ತಲಿಲ್ಲ. "ಪಾಪ, ಅಳ್ಕೋತ ಕುಂತಿರಬೇಕು," ಅಂದಳು ನಿಂಬೆವ್ವ.

ಕರೆಂಟಿನ ತಂತಿಯ ಮೇಲೆ ಒಂದೇ ಒಂದು ಕಾಗೆ ಕತ್ತು ವಾರೆ ಮಾಡಿ ಕೂತಿತ್ತು, ಇಳಿಯಲೋ ಬೇಡವೋ ಅನ್ನುವಂತೆ.

"ಮುಟ್ಟವಲ್ದು ಅಂದ್ರ ಮುದುಕಿದು ಏನೋ ಆಸೆ ಉಳದದ," ಅಂದರು ಮಾಸ್ತರರು. "ನಡಸಿಕೊಡ್ತೇನಿ ಅಂತ ಬಾಯಿಬಿಟ್ಟು ಹೇಳು."

"ಮಗಳ ಮನ್ಯಾಗ ಇರಬೇಕಂತ ಭಾಳ ಆಸೆ ಇತ್ರಿ ಆಕೀಗೆ," ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವ್ಯಂಕಟೇಶ ಯೋಚಿಸಿದ. ಒಂದು ಮಾತು ಅಂದುಬಿಟ್ಟರೆ ಇವರು ಹೋಗುತ್ತಾರೆ. ಇವರು ಹೋದರೆ ಹಕ್ಕಿಗಳು ಬರುತ್ತವೆ. ಚೌಡಾಪುರದಲ್ಲಿರುವ ಅತ್ತೆಗಂತೂ ಕೇಳಿಸುವುದಿಲ್ಲ. ಕೈಮುಗಿದು ಕೂಗಿದ:

"ಆತ್ರೀ ಅತ್ಯಾರ! ನಮ್ಮ ಮನೀಗೇ ಬಂದುಬಿಡ್ರಿ. ಬೇಕಾದಷ್ಟು ವರ್ಷ ಇರ್ರಿ, ಯಾರೂ ಹೋಗ್ರಿ ಅನ್ನೂದಿಲ್ಲ!"

ಕಾಗೆ ಇಳಿಯಿತು. ಅನ್ನ ಮುಟ್ಟಿತು. ಅಂಗಳಕ್ಕೆ ಅಂಗಳವೇ ಕೈಮುಗಿಯಿತು.

ವ್ಯಂಕಟೇಶ ನೋಟುಬುಕ್ಕು ತೆರೆದು ಬರೆದ: ಕಾಗಿ, ಒಂದು. ಎಷ್ಟೋ ತಿಂಗಳ ಮೇಲೆ ಎದೆಯಲ್ಲಿ ಏನೋ ಹಗುರಾಯಿತು.

ಅಷ್ಟರಲ್ಲಿ ನಿಂಬೆವ್ವ ಗೇಟಿನ ಕಡೆ ನೋಡಿ ಕಿಟಾರನೆ ಕಿರುಚಿದಳು. ಆಟೋದಿಂದ ಇಳಿದ ಪ್ರಮಿಲಾ ಅಲ್ಲಿ ನಿಂತಿದ್ದಳು, ಕಣ್ತುಂಬ ನೀರು. ಅವಳ ಹೆಗಲು ಹಿಡಿದು ನಿಂತವಳು ಮಾಣಿಕಮ್ಮ.

"ಬಸ್ಸಿನ ಗದ್ದಲದಾಗ ಫೋನ್ ಕೇಳಲಿಲ್ರಿ," ಅಂದಳು ಪ್ರಮಿಲಾ. "ಇಲ್ಲಿ ದವಾಖಾನಿಗೆ ತೋರಿಸಿ ಅವ್ವನ್ನ ಸಂಜಿ ಬಸ್ಸಿಗೇ ವಾಪಸ್ ಕಳಸೋಣಂತ ಮಾಡಿದ್ದೆ. ನೀವು ನೋಡಿದ್ರ ಓಣಿ ಕೂಡಿಸಿ ಕರ್ಯಾಕತ್ತೀರಿ!"

"ದೇವರಂಥ ಅಳಿಯ!" ಮಾಣಿಕಮ್ಮ ಬಂದವಳೇ ಅವನ ಕುರ್ಚಿಯಲ್ಲಿ ಕೂತಳು. "ಪ್ರಮಿ, ಗಂಟು ಒಳಗಿಡು. ಚೌಡಾಪುರದ ಮನಿ ಕೀಲಿ ಬಾಜೂದವರ ಕಡೇನೇ ಇರ್ಲಿ." ಆಮೇಲೆ ಕಣ್ಣು ಗೋಡೆಯ ಮೇಲೆ ಹೋಯಿತು. ಚಪ್ಪಾಳೆ ತಟ್ಟಿದಳು. "ಹುಶ್! ಹುಶ್, ಮುದೇವಿ!"

ಕಾಗೆ ಹಾರಿಹೋಯಿತು.

"ಪಿಂಡ ಇಟ್ಟಂಗ ಕಾಣತದಲ್ಲ," ಅಂದಳು ಮುದುಕಿ. "ಯಾರು ಸತ್ತಾರಪಾ ಇಲ್ಲಿ?"

ವ್ಯಂಕಟೇಶ ನೋಟುಬುಕ್ಕು ಮುಚ್ಚಿ, ಬೋಳು ತಲೆ ಸವರಿಕೊಂಡ.

"ನಾನೇ, ಅತ್ಯಾರ."