ಅಡಿ ಎತ್ತಿದ ವಾಟಿ

ಅಳೆದು ನೋಡದೆ ಯಾವುದನ್ನೂ ನಂಬದಿರುವುದು ನನ್ನ ಸ್ವಭಾವ ಮಾತ್ರವಲ್ಲ, ಹೊಟ್ಟೆಪಾಡು ಕೂಡ. ತುರ್ಭೆಯ ಒಂದು ಚಿಕ್ಕ ಕಂಪನಿಯಲ್ಲಿ ನನಗೆ ಕೆಲಸ. ಕಾರ್ಖಾನೆಗಳಿಗೆ ಹೋಗಿ, ಅಲ್ಲಿನ ತಕ್ಕಡಿಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಪರೀಕ್ಷಿಸಿ, ನಿಜ ಹೇಳುವುದಕ್ಕೆ ಹಸಿರು ಚೀಟಿ, ಸುಳ್ಳು ಹೇಳುವುದಕ್ಕೆ ಕೆಂಪು ಚೀಟಿ ಅಂಟಿಸಿ ಬರುತ್ತೇನೆ. ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಸ್ಟೋರಿನವರು ಎದ್ದು ನಿಲ್ಲುತ್ತಾರೆ. ಗೌರವಕ್ಕಲ್ಲ, ಗೋಣಿಚೀಲದಡಿ ಮುಚ್ಚಿಟ್ಟ ಹಳೇ ತಕ್ಕಡಿಯನ್ನೂ ಇವಳು ನೋಡಿಬಿಡುತ್ತಾಳೆಂಬ ಭಯಕ್ಕೆ. ಇದನ್ನೆಲ್ಲ ಜಂಬಕ್ಕಾಗಿ ಹೇಳುತ್ತಿಲ್ಲ. ಮುಂದೆ ಹೇಳಲಿರುವ ತಪ್ಪು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ, ಅದನ್ನು ಮಾಡಿದವಳ ಕಸುಬೇನೆಂದು ಮೊದಲು ತಿಳಿದಿರಬೇಕು.

ಆಫೀಸಿನಲ್ಲಿ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಾರೆ. ನನಗೆ ಇಪ್ಪತ್ತೇಳು ವರ್ಷ. ಲೋಕಲ್ ಟ್ರೇನಿನಲ್ಲಿ ಮೂವರು ಕೂತ ಸೀಟಿಗೆ ನಾಲ್ಕನೆಯವಳಾಗಿ ಯಾರು ಬೇಕಾದರೂ ಕರೆದು ಕೂರಿಸಿಕೊಳ್ಳುವಷ್ಟು ಸಣಕಲು ಶರೀರ. ಆದ್ದರಿಂದ ವರದಿಯ ಲಕೋಟೆಯನ್ನು ಯಾವ ಹೆದರಿಕೆಯೂ ಇಲ್ಲದೆ, ಠಾಣೆ ಸ್ಟೇಷನ್ನಿನಲ್ಲಿ ಟ್ರೇನ್ ಬದಲಿಸುವಾಗ ನಿಂತಲ್ಲೇ ಒಡೆದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಗೆರೆಯನ್ನು ದಾಟಿತ್ತು. ಸಕ್ಕರೆ ಕಾಯಿಲೆಯ ಗೆರೆಯನ್ನಲ್ಲ, ಅದರ ಹಿಂದಿನದನ್ನು. "ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಹತ್ತಿರ ಚಪ್ಪಲಿ ಬಿಡುತ್ತಿದೆ," ಎಂದು ಆಮೇಲೆ ಡಾಕ್ಟರು ಹಿಂದಿಯಲ್ಲಿ ಹೇಳಿದರು. ಊಟ ಸರಿಮಾಡಿಕೊಂಡು, ನಡೆದಾಡಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದೆಂದು ತೀರ್ಮಾನವಾಯಿತು.

ಮೈಸೂರಿನಲ್ಲಿರುವ ನನ್ನ ಅಮ್ಮನಿಗೆ ಈ ಕಾಯಿಲೆ ನಲವತ್ತಕ್ಕೇ ಬಂದಿತ್ತು. ಶಾಲೆಯ ಟೀಚರಾಗಿ ಮೂವತ್ತು ಮಕ್ಕಳನ್ನು ಕಣ್ಣಲ್ಲೇ ಹೆದರಿಸುವ ಅವಳು, ವಾರದ ಏಳು ದಿನಕ್ಕೆ ಏಳು ಖಾನೆಗಳಿರುವ ಪ್ಲಾಸ್ಟಿಕ್ ಮಾತ್ರೆ ಡಬ್ಬಿಗೆ ಮಾತ್ರ ವಿಧೇಯಳು. ಮದುವೆಗೆ ಹೋದರೂ ಆ ಡಬ್ಬಿ ಬೇಕು, ಪ್ರವಾಸಕ್ಕೆ ಹೋದರೂ ಬೇಕು. ಲಕೋಟೆ ಒಡೆದ ದಿನವೇ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ನಾನು ಒಂದೇ ತೀರ್ಮಾನ ಮಾಡಿದ್ದೆ. ಆ ಡಬ್ಬಿ ನನಗೆ ಬೇಡ. ಜೊತೆಗೇ ಇನ್ನೊಂದನ್ನೂ ತೀರ್ಮಾನಿಸಿದ್ದೆ: ಅಮ್ಮನಿಗೆ ಹೇಳುವುದೂ ಬೇಡ, ನನ್ನಿಂದಲೇ ಮಗಳಿಗೆ ಬಂತು ಎಂದು ಕೊರಗುತ್ತಾಳೆ. ವಾರಿಜಕ್ಕನಿಗೆ ಹೇಳುವುದಂತೂ ಬೇಡವೇ ಬೇಡ.

ಡೊಂಬಿವಲಿಯಲ್ಲಿ ನಾನಿರುವುದು ವಾರಿಜಕ್ಕನ ಮನೆಯಲ್ಲಿ. ಉಡುಪಿ ಕಡೆಯವರು. ಮಗಳು ಮದುವೆಯಾಗಿ ನಾಸಿಕಕ್ಕೆ ಹೋದ ಮೇಲೆ ಖಾಲಿಯಾದ ಕೋಣೆಯನ್ನು ನನಗೆ ಊಟ ಸಹಿತ ಕೊಟ್ಟಿದ್ದಾರೆ. ಅವರ ಗಂಡ ಸಂಜೀವಣ್ಣ ಠಾಣೆಯ ಕೋಪರಿಯ ಒಂದು ಹೋಟೆಲಿನಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಆ ಕೊರತೆಯನ್ನು ವಾರಿಜಕ್ಕ ತುಂಬುತ್ತಾರೆ. ಅವರಿಗೆ ಬೆಳಿಗ್ಗೆ ಗೊತ್ತಾದದ್ದು ಸಂಜೆಯೊಳಗೆ ನಾಲ್ಕು ಮಹಡಿಗಳಿಗೂ ಗೊತ್ತಾಗುತ್ತದೆ. ನಾನೋ, ನೆಗಡಿಯಾದರೂ ಯಾರಿಗೂ ತಿಳಿಯದಂತೆ ಸೀನುವವಳು.

ಆಫೀಸಿನಿಂದಲೇ ಗೊತ್ತುಮಾಡಿದ್ದ ಆಹಾರತಜ್ಞೆ ಒಂದು ಹಾಳೆ ಕೊಟ್ಟಿದ್ದಳು. ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಬೇಳೆಕಾಳು, ಉಳಿದ ಕಾಲು ಭಾಗದಲ್ಲಿ ಮಾತ್ರ ಪಿಷ್ಟ. ಪಿಷ್ಟದ ಒಂದು ಪಾಲೆಂದರೆ ಮೂವತ್ತು ಗ್ರಾಂ, ನನಗೆ ಹೊತ್ತಿಗೆ ಎರಡು ಪಾಲು. ಏಳನೇ ತರಗತಿಯಲ್ಲಿ ಆಲೂಗಡ್ಡೆಯ ಮೇಲೆ ಅಯೋಡಿನ್ ಹನಿಸಿ, ಅದು ಕಪ್ಪುನೀಲಿಯಾದದ್ದನ್ನು ಕಂಡು ಪಿಷ್ಟದ ಪಾಠದಲ್ಲಿ ಪೂರ್ತಿ ಅಂಕ ತೆಗೆದವಳು ನಾನು. ಆದರೆ ಆ ಅಯೋಡಿನ್ ಬಾಟಲಿಯನ್ನು ಹಿಡಿದು ನಾನು ದಿನಾ ತಿನ್ನುವುದರ ಮೇಲೆಲ್ಲ ಹನಿಸುತ್ತ ಹೋದರೆ ಇಡೀ ಬದುಕೇ ಕಪ್ಪುನೀಲಿಯಾಗುತ್ತದೆಂದು ಹೊಳೆದದ್ದು ಈಗ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ, ಸಂಜೆ ಸ್ಟೇಷನ್ನಿನಲ್ಲಿ ವಡಾಪಾವ್, ರಾತ್ರಿ ಮತ್ತೆ ಅನ್ನ. ವಡಾಪಾವ್ ಎಂದರೆ ಏನು? ಆಲೂಗಡ್ಡೆಗೆ ಕಡಲೆಹಿಟ್ಟಿನ ಅಂಗಿ ತೊಡಿಸಿ ಬ್ರೆಡ್ಡಿನ ಹಾಸಿಗೆಯಲ್ಲಿ ಮಲಗಿಸಿದ್ದು. ಪಿಷ್ಟಕ್ಕೆ ಪಿಷ್ಟವನ್ನೇ ಹೊದಿಸಿ ತಿನ್ನುವ ಊರು ನಮ್ಮದು.

ಮೊದಲ ರಾತ್ರಿ, ವಾರಿಜಕ್ಕ ಸೌಟು ಎತ್ತುತ್ತಿದ್ದಂತೆ ತಟ್ಟೆಗೆ ಕೈ ಅಡ್ಡ ಹಿಡಿದು, "ಅನ್ನ ಅರ್ಧ ಸಾಕು, ಯಾಕೋ ಹೊಟ್ಟೆ ಸರಿಯಿಲ್ಲ," ಎಂದೆ.

"ಮೊದಲೇ ಹೇಳ್ಬಾರ್ದಾ ಮಾರಾಯ್ತಿ," ಎಂದವರೇ ತಟ್ಟೆ ತೆಗೆದು, ಕುಚ್ಚಲಕ್ಕಿ ಗಂಜಿಯನ್ನು ದೊಡ್ಡ ಬೋಗುಣಿಯ ತುಂಬ ತಂದಿಟ್ಟರು. "ಇದು ಪೂರ್ತಿ ಕುಡಿ. ಹೊಟ್ಟೆಗೆ ತಂಪು."

ಗುರುವಾರ ಹೊಸ ಸುಳ್ಳು ಹುಡುಕಿದೆ. ಉಪವಾಸ ಎಂದೆ. ಯಾವ ದೇವರಿಗೆಂದು ಅವರು ಕೇಳಲಿಲ್ಲ. ಎಲ್ಲರೂ ಕಾಕೂ ಎನ್ನುವ ಎದುರುಮನೆಯ ಮರಾಠಿ ಹೆಂಗಸಿಗೆ ಸುದ್ದಿ ಮುಟ್ಟಿಸಿದರು. ಚಿಕ್ಕ ವಯಸ್ಸಿಗೇ ಎಷ್ಟು ಭಕ್ತಿಯೆಂದು ಕಾಕೂ ಕರಗಿ, ಸಾಬುದಾಣೆಯ ಖಿಚಡಿ, ಅದರೊಳಗೆ ಆಲೂಗಡ್ಡೆ, ಪಕ್ಕದಲ್ಲಿ ಬೇಯಿಸಿದ ಗೆಣಸು, ಇಷ್ಟನ್ನೂ ತಟ್ಟೆಯಲ್ಲಿ ಮುಚ್ಚಿ ಕಳಿಸಿದರು. ಊಟ ಮಾಡಿದ್ದರೇ ಪಿಷ್ಟ ಕಡಿಮೆಯಾಗುತ್ತಿತ್ತು. ಆಮೇಲೆ ಒಂದು ದಿನ, "ರಾತ್ರಿ ಎರಡು ಚಪಾತಿ ಸಾಕು ವಾರಿಜಕ್ಕ," ಎಂದು ನೋಡಿದೆ. ಸಂತೋಷದಿಂದ ಮಾಡಿಕೊಟ್ಟರು. ತಿಂದು ಏಳುತ್ತಿದ್ದಂತೆ, "ಎಲ್ಲಿಗೆ? ತಿಂಡಿ ಆಯ್ತಲ್ಲ, ಇನ್ನು ಊಟಕ್ಕೆ ಕೂತ್ಕೋ," ಎಂದರು. ಕರಾವಳಿಯವರ ಲೆಕ್ಕದಲ್ಲಿ ಚಪಾತಿಯೆಂದರೆ ಊಟಕ್ಕೆ ಮುಂಚಿನ ಪೀಠಿಕೆ ಎಂಬುದು ಮೈಸೂರಿನವಳಾದ ನನಗೆ ತಿಳಿದಿರಲಿಲ್ಲ.

ಸುಳ್ಳಿನಿಂದ ಆಗದ್ದನ್ನು ವಿಜ್ಞಾನದಿಂದ ಮಾಡಬೇಕೆಂದು ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡೆ. ಊಟದ ಬಿಡುವಿನಲ್ಲಿ ಅದನ್ನು ಆಫೀಸಿನ ಪ್ರಮಾಣಿತ ತೂಕಗಳಿಂದ ಪರೀಕ್ಷಿಸಿ, ಅದರ ಬೆನ್ನಿಗೆ ಹಸಿರು ಚೀಟಿಯನ್ನೂ ಅಂಟಿಸಿದೆ. ರಾತ್ರಿ ಊಟದ ಹೊತ್ತಿಗೆ "ಆಫೀಸಿನ ಕಾಲ್ ಇದೆ" ಎಂದು ಬಡಿಸಿದ ತಟ್ಟೆಯನ್ನು ಕೋಣೆಗೆ ಒಯ್ಯುವುದು, ಅರವತ್ತು ಗ್ರಾಂ ಅನ್ನ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯುವುದು. ತಟ್ಟೆಗೆ ಬಿದ್ದ ಅನ್ನವನ್ನು ಪಾತ್ರೆಗೆ ಮರಳಿ ಹಾಕಿದರೆ ಎಂಜಲು, ಎಸೆದರೆ ಪಾಪ. ಆದ್ದರಿಂದ ಡಬ್ಬಿಗೆ ತುಂಬಿ ಮಾರನೇ ದಿನ ತುರ್ಭೆಗೆ ಸಾಗಿಸುತ್ತಿದ್ದೆ. ಅಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬ ತಣ್ಣಗಾದ ಆ ಅನ್ನವನ್ನು ಏನೂ ಕೇಳದೆ ತಿನ್ನುತ್ತಿದ್ದ. ಆ ದಿನಗಳಲ್ಲಿ ಅವನು ಎರಡು ಕಿಲೋ ಏರಿದ. ನನ್ನ ಉದಾರತೆಯನ್ನು ಈಗಲೂ ನೆನೆಯುತ್ತಾನೆ.

ಅರವತ್ತು ಗ್ರಾಂ ಅನ್ನ ಎಷ್ಟೆಂದು ಕೇಳಿದರೆ, ನಾಲ್ಕು ತುತ್ತು. ಮೊದಲ ಎರಡು ಸಾರಿನೊಂದಿಗೆ, ಮೂರನೆಯದು ಮಜ್ಜಿಗೆಯೊಂದಿಗೆ, ನಾಲ್ಕನೆಯದು ಬೇಸರದೊಂದಿಗೆ. ಹೊಟ್ಟೆ ಕೂಗುತ್ತಿತ್ತು, ನಾನು ಹಲ್ಲು ಕಚ್ಚಿ ಹಿಡಿದೆ. ಹನ್ನೊಂದು ದಿನ ಹಿಡಿದೆ. ಹನ್ನೆರಡನೇ ಸಂಜೆ ಸ್ಟೇಷನ್ನಿನಿಂದ ಹೊರಬಂದಾಗ ಬಾಣಲೆಯ ವಾಸನೆ ಬಡಿಯಿತು. ಮುಂದಿನದು ಸರಿಯಾಗಿ ನೆನಪಿಲ್ಲ, ಕೈಯಲ್ಲಿ ಮೂರನೇ ವಡಾಪಾವ್ ಅರ್ಧ ಉಳಿದಿದ್ದಾಗ ಪ್ರಜ್ಞೆ ಮರಳಿತು. ಮನೆಗೆ ಹೋಗಿ ನೋಟುಪುಸ್ತಕದಲ್ಲಿ ಆ ದಿನದ ಎದುರು "ಸಂಕಲ್ಪಶಕ್ತಿ ಸಾಲದು" ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಮರುದಿನದಿಂದ ಮತ್ತೆ ಅರವತ್ತು ಗ್ರಾಮಿಗೆ ಕೂತೆ.

ಸಿಕ್ಕಿಬಿದ್ದದ್ದು ಅದಾದ ಎರಡು ದಿನಕ್ಕೆ. ಕೋಣೆಗೆ ಇರುವುದು ಪರದೆ ಮಾತ್ರ. ಸಾರು ಬಡಿಸಲು ಮರೆತೆನೆಂದು ವಾರಿಜಕ್ಕ ಸೌಟು ಹಿಡಿದು ನೇರ ಒಳಗೆ ಬಂದರು. ನಾನು ಮೊಣಕಾಲೂರಿ ಕೂತು, ತಕ್ಕಡಿಯ ಮೇಲಿನ ತಟ್ಟೆಯಿಂದ ಅನ್ನದ ಅಗುಳುಗಳನ್ನು ಚಮಚದ ತುದಿಯಲ್ಲಿ ತೆಗೆಯುತ್ತಿದ್ದೆ.

"ಇದೆಂತದು? ಚಿನ್ನದ ಅಂಗಡಿಯಾ?" ಎಂದರು. ಅವರು ಹೊರಗೆ ತಿರುಗಿ ಗಂಡನಿಗೆ ತುಳುವಿನಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು ಪೊಣ್ಣು, ನುಪ್ಪು ಎಂಬ ಎರಡು ಪದ. ಹುಡುಗಿ, ಅನ್ನ. ವಿಷಯ ತಿಳಿಯಲು ಅಷ್ಟು ಸಾಕಾಯಿತು.

"ನನ್ನ ಅಡಿಗೆ ಸರಿ ಇಲ್ಲದಿದ್ರೆ ಹೇಳು. ಬಾಯಿ ಉಂಟಲ್ಲ."

ಅವರ ದನಿ ಚಿಕ್ಕದಾಗಿತ್ತು. ಆಗ ಹೇಳದೆ ವಿಧಿಯಿರಲಿಲ್ಲ. ವರದಿ, ಡಾಕ್ಟರು, ಅಮ್ಮನ ಡಬ್ಬಿ, ಮೂರು ತಿಂಗಳ ಗಡುವು, ಎಲ್ಲವನ್ನೂ ಹೇಳಿದೆ. ವಾರಿಜಕ್ಕ ಸೌಟು ಹಿಡಿದೇ ಹಾಸಿಗೆಯ ಮೇಲೆ ಕೂತರು. ಆಹಾರತಜ್ಞೆಯ ಹಾಳೆ ಕೇಳಿ ತೆಗೆದುಕೊಂಡು, ಕನ್ನಡಕ ತರಿಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಈ ಮೂವತ್ತು ಗ್ರಾಂ ಅಂತ ಉಂಟಲ್ಲ, ಅದು ಅಕ್ಕಿಯದ್ದಾ, ಅನ್ನದ್ದಾ?"

ಅನ್ನದ್ದೇ ಎಂದು ಬಾಯಿ ತೆರೆದೆ. ತೋರಿಸಲೆಂದು ಹಾಳೆಯತ್ತ ಬಗ್ಗಿದೆ. ಹಾಳೆಯ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿತ್ತು: ತೂಕವೆಲ್ಲ ಬೇಯಿಸುವ ಮುಂಚಿನದು. ಅರವತ್ತು ಗ್ರಾಂ ಅಕ್ಕಿ ನೀರು ಕುಡಿದು ಅನ್ನವಾದಾಗ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಕಾರ್ಖಾನೆಗೆ ಹೋದಲ್ಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆಯೇ ಇದು, ಸರಕನ್ನು ಒಣಗಿದ್ದಾಗ ತೂಗುತ್ತೀರೋ ಒದ್ದೆಯಿದ್ದಾಗಲೋ ಎಂದು. ನನ್ನ ತಕ್ಕಡಿ ನಿಜವನ್ನೇ ಹೇಳಿತ್ತು. ಕೆಂಪು ಚೀಟಿ ಅಂಟಿಸಬೇಕಾದದ್ದು ನನ್ನ ಹಣೆಗೆ.

"ಅಂದ್ರೆ ಎರಡು ವಾರ ನೀನು ನನ್ನ ಮನೆಯಲ್ಲಿ ಹಸಿದು ಮಲಗಿದ್ದಾ?" ಎಂದರು ವಾರಿಜಕ್ಕ. ಅಡಿಗೆ ಸರಿಯಿಲ್ಲವೆಂದಿದ್ದರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಷ್ಟು ಹೊತ್ತೂ ಪರದೆಯಾಚೆ ನಿಂತಿದ್ದ ಸಂಜೀವಣ್ಣ ಸ್ಟೂಲ್ ಹಾಕಿ ಅಟ್ಟದಿಂದ ಪೇಪರಿನಲ್ಲಿ ಸುತ್ತಿದ ಒಂದು ಸ್ಟೀಲ್ ವಾಟಿ ಇಳಿಸಿದರು. ಇಲ್ಲಿ ಬಟ್ಟಲಿಗೆ ವಾಟಿ ಎನ್ನುತ್ತಾರೆ. ಅದು ಅವರ ಹೋಟೆಲಿನದು. ರೈಸ್‌ಪ್ಲೇಟಿಗೆ ಅನ್ನವನ್ನು ಅದರಲ್ಲಿ ಒತ್ತಿ ತಟ್ಟೆಗೆ ಮಗುಚುತ್ತಿದ್ದರಂತೆ. ಹೊರಗಿನಿಂದ ನೋಡಿದರೆ ತಕ್ಕಮಟ್ಟಿಗೆ ದೊಡ್ಡದೇ. ಒಳಗೆ ಬೆರಳಿಟ್ಟರೆ ಅಡಿಯನ್ನು ಅರ್ಧ ಇಂಚು ಮೇಲಕ್ಕೆ ಎತ್ತಿ ಮಾಡಿಸಿದ್ದು ತಿಳಿಯುತ್ತದೆ.

"ಗಿರಾಕಿಗಳು ಬೈಯದ ದಿನ ಇಲ್ಲ," ಎಂದರು ಸಂಜೀವಣ್ಣ. "ರೈಲ್ವೆಯವರೊಬ್ರು ದಿನಾ ಕೇಳುವುದು, ಸಂಜೀವಾ, ಇದು ಊಟವಾ ಪ್ರಸಾದವಾ ಅಂತ."

ವಾರಿಜಕ್ಕ ಅನ್ನ ಒತ್ತಿದರು. ನಾನು ತೂಗಿದೆ. ನೂರ ಅರವತ್ತೆರಡು ಗ್ರಾಂ. ನನ್ನ ಎರಡು ಪಾಲು, ಕರಾರುವಾಕ್ಕಾಗಿ. ಮೂವರೂ ತಕ್ಕಡಿಯ ಅಂಕೆಯನ್ನೇ ನೋಡಿದೆವು.

"ನೋಡು," ಎಂದರು ಸಂಜೀವಣ್ಣ, ಮೂವತ್ತು ವರ್ಷ ಬೈಸಿಕೊಂಡ ಮೇಲೆ ಖುಲಾಸೆಯಾದವರಂತೆ. "ನಾವು ಜನರ ಆರೋಗ್ಯ ನೋಡಿದ್ದು."

"ನಿಮ್ಮ ಸೇಠ್ ನೋಡಿದ್ದು ಗಲ್ಲಾಪೆಟ್ಟಿಗೆ," ಎಂದರು ವಾರಿಜಕ್ಕ.

ಅಂಥ ಪಾತ್ರೆ ಯಾವುದಾದರೂ ಕಾರ್ಖಾನೆಯಲ್ಲಿ ಸಿಕ್ಕಿದ್ದರೆ ನಾನು ಅದನ್ನು ಮುಟ್ಟುಗೋಲು ಹಾಕಿಸುತ್ತಿದ್ದೆ. ಆ ರಾತ್ರಿ ಅದರ ಬೆನ್ನಿಗೆ ಹಸಿರು ಚೀಟಿ ಅಂಟಿಸಿದೆ. ತೊಳೆದಾಗ ಬಿದ್ದುಹೋಯಿತು, ಮತ್ತೆ ಅಂಟಿಸಿದೆ. ಅಂದಿನಿಂದ ನನ್ನ ಅನ್ನ ಆ ವಾಟಿಯಲ್ಲೇ, ಒಂದು ಮಗುಚು, ಅಷ್ಟೇ. ತಟ್ಟೆಯ ಉಳಿದ ಭಾಗವನ್ನು ವಾರಿಜಕ್ಕ ತೊಂಡೆಕಾಯಿ, ಅಲಸಂಡೆ, ಬಸಳೆ, ಹೆಸರುಕಾಳುಗಳಿಂದ ಎಷ್ಟು ಬಿಗಿಯಾಗಿ ತುಂಬಿಸುತ್ತಿದ್ದರೆಂದರೆ ಇನ್ನೊಂದು ಅಗುಳಿಗೂ ಜಾಗವಿರುತ್ತಿರಲಿಲ್ಲ. ನಮ್ಮ ನಡುವೆ ವಾದಗಳಾಗದೆ ಇರಲಿಲ್ಲ. ಕುಚ್ಚಲಕ್ಕಿಯಿಂದ ಶುಗರ್ ಬರುವುದೇ ಇಲ್ಲವೆಂದು ಅವರು ಹೇಳಿದರು, ಅದನ್ನೂ ಅಳತೆಯಲ್ಲೇ ತಿನ್ನಬೇಕೆಂದು ನಾನು ಹಟ ಹಿಡಿದೆ. ನೀರ್ದೋಸೆ ಅಷ್ಟು ತೆಳ್ಳಗಿರುವುದರಿಂದ ಲೆಕ್ಕಕ್ಕಿಲ್ಲ ಎಂದರು. ಹಿಟ್ಟಿಗೆ ಹಾಕುವ ಅಕ್ಕಿಯನ್ನು ತೂಗಿ, ದೋಸೆಗಳನ್ನು ಎಣಿಸಿ, ಭಾಗಿಸಿ ತೋರಿಸಿದೆ. "ನಿನ್ನನ್ನು ಮದುವೆಯಾಗುವವನಿಗೆ ದೇವರೇ ಗತಿ," ಎಂದು ಮೂರೇ ದೋಸೆ ಹಾಕಿದರು. ಊಟವಾದ ಮೇಲೆ ಇಬ್ಬರೂ ಬಿಲ್ಡಿಂಗಿನ ಸುತ್ತ ಹತ್ತು ಸುತ್ತು ನಡೆಯುತ್ತಿದ್ದೆವು. ಸುತ್ತಿಗೊಬ್ಬರಂತೆ ಎದುರಾದವರಿಗೆಲ್ಲ ನಾವು ನಡೆಯುತ್ತಿರುವುದು ಏಕೆಂದು ಅವರು ವಿವರಿಸುತ್ತಿದ್ದರು. ಕಾಕೂ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಕಿತಿ ಆಲೀ ಶುಗರ್?" ಎಂದು, ಶುಗರ್ ಎಷ್ಟು ಬಂತೆಂಬುದನ್ನು ಪರೀಕ್ಷೆಯ ಅಂಕ ಕೇಳಿದಂತೆ ಕೇಳುತ್ತಿದ್ದರು. ಮೂರನೇ ಮಹಡಿಯಿಂದ ಇಬ್ಬರು ಹೆಂಗಸರು ತಮ್ಮ ಮನೆಯ ವಾಟಿ ತಂದು, ಇದರಲ್ಲಿ ಎಷ್ಟು ಹಿಡಿಯುತ್ತದೆ ನೋಡಮ್ಮ ಎಂದರು. ನೋಡಿಕೊಟ್ಟೆ. ಎರಡೂ ಕೆಂಪು.

ಮೂರು ತಿಂಗಳಾಯಿತು. ವರದಿಯಲ್ಲಿ ಅಂಕೆ ಗೆರೆಯ ಈಚೆ ಬಂದಿತ್ತು, ಕೂದಲೆಳೆಯಷ್ಟು. ಚಪ್ಪಲಿ ಹಾಕಿಕೊಂಡು ಹೊರಟಿದೆಯಾದರೂ ವಿಳಾಸ ಬರೆದುಕೊಂಡು ಹೋಗಿದೆ, ಹೀಗೇ ಮುಂದುವರಿಸಿ ಎಂದರು ಡಾಕ್ಟರು. ಮುಂದುವರಿಸುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

"ಇನ್ನಾದ್ರೂ ಅಮ್ಮನಿಗೆ ಹೇಳು," ಎಂದರು ವಾರಿಜಕ್ಕ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಎಡಗೈಯಲ್ಲಿ ಫೋನು ಹಿಡಿದು ಅಮ್ಮನಿಗೆ ಕರೆ ಮಾಡಿದೆ. ಅಮ್ಮನೂ ಊಟಕ್ಕೆ ಕೂತಿದ್ದಳು. ಎಲ್ಲವನ್ನೂ ಹೇಳಿದೆ.

"ನನ್ನಿಂದಲೇ ಬಂತು ಕಣೇ ಪುಟ್ಟಿ," ಎಂದಳು, ನಾನು ಹೆದರಿದ್ದ ಹಾಗೆಯೇ.

"ಬಂದಿಲ್ಲಮ್ಮ, ಹೊರಟಿದೆ. ಅದಿರಲಿ, ನೀನು ಅನ್ನ ಎಷ್ಟು ತಿಂತೀಯ?"

"ನಂಗೇನೇ? ನಾನು ಮಾತ್ರೆ ತಗೊಳ್ತೀನಲ್ಲ. ಮಾತ್ರೆ ಅದನ್ನೆಲ್ಲ ನೋಡ್ಕೊಳತ್ತೆ."

ತಟ್ಟೆಯ ಅಳತೆಯೂ ಮರೆತುಹೋಗುವಷ್ಟು ತಲೆ ಬಿಸಿಯಾಯಿತು. ಮಾತ್ರೆ ಬೇರೆ, ತಟ್ಟೆ ಬೇರೆ ಎಂದೆ. ಅರ್ಧ ತರಕಾರಿ, ಕಾಲು ಬೇಳೆ, ಕಾಲು ಅನ್ನ ಎಂದು ಬಿಡಿಸಿ ಹೇಳಿದೆ. ಅಕ್ಕಿಯ ತೂಕ, ಅನ್ನದ ತೂಕ ಹೇಳಿದೆ. ಕೊನೆಗೆ, "ವಿಡಿಯೋ ಹಾಕು. ತಟ್ಟೆ ತೋರಿಸು," ಎಂದೆ.

"ಹಲೋ? ಪುಟ್ಟಿ? ಏನೂ ಕೇಳಿಸ್ತಾ ಇಲ್ಲ ಕಣೇ, ಇಲ್ಲಿ ನೆಟ್‌ವರ್ಕ್ ಇಲ್ಲ," ಎಂದಳು ಅಮ್ಮ, ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ. ಹಿಂದೆ ಸೌಟು ತಟ್ಟೆಗೆ ತಗುಲಿದ ಸದ್ದು ಎರಡು ಸಲ ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

"ಕೇಳಿದ್ರಾ ವಾರಿಜಕ್ಕ, ಹೆತ್ತ ಮಗಳ ಹತ್ತಿರ ಸುಳ್ಳು ಹೇಳ್ತಾಳೆ," ಎಂದೆ.

ವಾರಿಜಕ್ಕ ನನ್ನ ಮುಖ ನೋಡುತ್ತಿರಲಿಲ್ಲ, ತಟ್ಟೆ ನೋಡುತ್ತಿದ್ದರು. "ಅದು ಇರ್ಲಿ. ಅಮ್ಮನಿಗೆ ಪಾಠ ಹೇಳ್ತಾ ಹೇಳ್ತಾ ನೀನು ಎರಡನೇ ವಾಟಿ ಮಗುಚಿಕೊಂಡದ್ದು ನಾನು ನೋಡಿದೆ."

ನಾನು ಕಟ್ಟಾದ ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡು, "ಹಲೋ, ಅಮ್ಮಾ, ಈಗ ಕೇಳಿಸ್ತಾ ಇದೆಯಾ?" ಎಂದೆ.