ಟಿಹುವಾನಾ ಕಡೆಗೆ ತಿರುಗಿದ ಆಂಟೆನಾ

ಎಲ್ಲಕ್ಕೂ ಕಾರಣ ಸ್ಯಾನ್ ಡಿಯಾಗೋದ ಲಾ ಹೋಯಾ ಸಮುದ್ರ ದಂಡೆಯ ಒಂದು ಪಾಚಿಗಟ್ಟಿದ ಮೆಟ್ಟಿಲು. ಡೆನ್ಮಾರ್ಕಿನಿಂದ ಅಷ್ಟು ದೂರ ಹಾರಿ ಬಂದ ಇಂಗರ್ ಎಂಬ ಎಪ್ಪತ್ತರ ಮುದುಕಿ ಅದರ ಮೇಲೆ ಕಾಲಿಟ್ಟಳು, ಕಾಲು ನಿಲ್ಲಲಿಲ್ಲ. ಪಾದದ ಎಲುಬು ಬಿರುಕು ಬಿಟ್ಟು ಮೊಣಕಾಲಿನವರೆಗೆ ಪ್ಲಾಸ್ಟರ್ ಬಿತ್ತು. ಎಂಬತ್ತನಾಲ್ಕರ ಲಾಸ್ ಏಂಜಲೀಸ್ ಓಲಿಂಪಿಕ್ಸಿನಲ್ಲಿ ದೋಣಿ ಸ್ಪರ್ಧೆಗೆ ಬಂದಿದ್ದ ಮೊಮ್ಮಗಳು ಮೆಟ್ಟೆಯನ್ನು ಕಣ್ಣಾರೆ ನೋಡಲು ತೆಗೆದಿಟ್ಟಿದ್ದ ಟಿಕೆಟ್ಟು ಪರ್ಸಿನಲ್ಲೇ ಉಳಿಯಿತು. ಟೀವಿಯಲ್ಲಾದರೂ ತೋರಿಸುತ್ತೇನೆ ಎಂದು ಆಕೆ ಇಳಿದುಕೊಂಡಿದ್ದ ಮನೆಯ ಸಂಗನಬಸಪ್ಪ ಮಾತು ಕೊಟ್ಟ. ಮೊದಲು ಟೀವಿ ನೋಡಿದ್ದರೆ ಮಾತು ಕೊಡುತ್ತಿರಲಿಲ್ಲ.

ಈ ಇಂಗರ್, ಹದಿನೆಂಟು ವರ್ಷದ ಹಿಂದೆ ಅವನು ಕೋಪನ್‌ಹೇಗನ್ನಿನಲ್ಲಿ ಓದುವಾಗ ಬಾಡಿಗೆಗಿದ್ದ ಮನೆಯ ಒಡತಿ. ವಿಜಾಪುರದ ಲಿಂಗಾಯತ ಹುಡುಗ ಮಾಂಸ ಮುಟ್ಟದೆ ಆಲೂಗಡ್ಡೆ ತಿಂದು ಒಣಗುವುದನ್ನು ನೋಡಲಾರದೆ, ಅವನನ್ನೇ ಕೇಳಿ ಕೇಳಿ ಅಲ್ಲಿಯ ಕಪ್ಪು ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಕಲಿತವಳು. ಆ ರೊಟ್ಟಿ ಹೆಂಚಿನಂತಿರುತ್ತಿತ್ತು. ಆದರೂ ಅದೇ ಅವನನ್ನು ಉಳಿಸಿತು. ಆಗ ಎರಡು ವರ್ಷದ ಕೂಸಾಗಿದ್ದ ಮೆಟ್ಟೆಯನ್ನು ಅವನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದ್ದ. ಈಗ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಅವನ ಮನೆಗೆ ಆಕೆ ಬಂದಾಗ, ಹೆಂಡತಿ ಜಯದೇವಿ ಮೊದಲ ದಿನವೇ ‘ಇಂಗರವ್ವ’ ಎಂದು ಕರೆದು ಅತ್ತೆಯ ಪಟ್ಟ ಕಟ್ಟಿಬಿಟ್ಟಳು.

ಬೆಳಗಾದರೆ ಟೀವಿಯಲ್ಲಿ ಓಲಿಂಪಿಕ್ಸ್ ಶುರುವಾಗುತ್ತಿತ್ತು. ಅಮೇರಿಕದವರು ಓಡುವುದು, ಈಜುವುದು, ಅಳುವುದು, ಅವರ ತಾಯಂದಿರು ಅಳುವುದು, ನಡುವೆ ಸಾಬೂನಿನ ಜಾಹೀರಾತು. ಗೆದ್ದವನು ಬೇರೆ ದೇಶದವನಾದರೆ, ಸೋತ ಅಮೇರಿಕದವನ ಹಿಂದೆ ಗೆದ್ದವನ ಮೊಣಕೈಯಷ್ಟೇ ಕಾಣಿಸುತ್ತಿತ್ತು.

“ನಿಮ್ಮ ಟೀವಿಯ ಪ್ರಕಾರ ಈ ಓಲಿಂಪಿಕ್ಸಿಗೆ ಬಂದಿರುವುದು ಒಂದೇ ದೇಶ,” ಎಂದು ಇಂಗರವ್ವ, ಬಾಳೆಹಣ್ಣಿನ ಬ್ರೆಡ್ ಹಿಡಿದು ಮಾತಾಡಿಸಲು ಬಂದಿದ್ದ ಪಕ್ಕದ ಮನೆಯ ವಾಲ್ಟರನಿಗೆ ಹೇಳಿದಳು. ವಾಲ್ಟರ್ ನೌಕಾದಳದಿಂದ ನಿವೃತ್ತನಾದವನು, ಬಡಾವಣೆಯ ಸಂಘದ ಅಧ್ಯಕ್ಷ. ಯಾರ ಹುಲ್ಲು ಎಷ್ಟುದ್ದ ಬೆಳೆದಿದೆ ಎನ್ನುವುದು ಆ ಹುಲ್ಲಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

“ನಿಮ್ಮ ದೇಶದಲ್ಲಿ ಎಷ್ಟು ಚಾನೆಲ್?” ವಾಲ್ಟರ್ ಕೇಳಿದ.

“ಒಂದು.”

“ಯಾರದ್ದು?”

“ಎಲ್ಲರದ್ದೂ. ಮನೆಮನೆಯೂ ವರ್ಷಕ್ಕಿಷ್ಟು ಅಂತ ಕಟ್ಟುತ್ತೇವೆ.”

ವಾಲ್ಟರ್ ಸೋಫಾದ ಕೆಳಗೆ ರಷ್ಯನ್ ಸಿಪಾಯಿಯನ್ನು ಕಂಡವನಂತೆ ಹಿಂದೆ ಸರಿದ. “ಅಂದರೆ ಸರಕಾರ ತೋರಿಸಿದ್ದನ್ನೇ ನೋಡಬೇಕು.”

“ನೀವು ಸಾಬೂನು ಮಾರುವವನು ತೋರಿಸಿದ್ದನ್ನು ನೋಡುತ್ತೀರಿ. ಸರಕಾರವನ್ನಾದರೂ ನಾವು ಆರಿಸಿದ್ದೇವೆ. ಸಾಬೂನಿನವನನ್ನು ಯಾರು ಆರಿಸಿದರು?”

ಇಬ್ಬರೂ ನ್ಯಾಯಕ್ಕಾಗಿ ಸಂಗನಬಸಪ್ಪನ ಕಡೆ ತಿರುಗಿದರು. ಅವನನ್ನು ವಾಲ್ಟರ್ ಕರೆಯುತ್ತಿದ್ದದ್ದು ಸ್ಯಾಮ್ ಎಂದು. “ನೀನು ಹೇಳು ಸ್ಯಾಮ್, ನಿಮ್ಮಲ್ಲಿ ಹೇಗೆ?”

“ನಾನು ಊರು ಬಿಟ್ಟಾಗ ನಮ್ಮಲ್ಲಿಗೆ ಟೀವಿಯೇ ಬಂದಿರಲಿಲ್ಲ,” ಎಂದ ಸಂಗನಬಸಪ್ಪ. ಈ ಉತ್ತರ ಇಬ್ಬರಿಗೂ ಹಿಡಿಸಲಿಲ್ಲ. ವಾಲ್ಟರ್ ಬ್ರೆಡ್ ಇಟ್ಟು ಸರಸರ ಹೊರಟುಹೋದ. ಇಂಗರವ್ವ ಬ್ರೆಡ್ ಮುಟ್ಟಲಿಲ್ಲ. ಎರಡೂ ಖಂಡಗಳ ಕೋಪವನ್ನು ಸಂಗನಬಸಪ್ಪ ಒಬ್ಬನೇ ಚಹಾದಲ್ಲಿ ಅದ್ದಿ ತಿಂದ.

ಮೆಟ್ಟೆಯ ಸೆಮಿಫೈನಲ್ ಇದ್ದ ದಿನ ಅವನು ಆಫೀಸಿಗೆ ರಜೆ ಹಾಕಿದ. ಆಫೀಸಿನ ರಾಮಿರೆಜ್ ಹಿಂದಿನ ದಿನ ಒಂದು ಉಪಾಯ ಹೇಳಿಕೊಟ್ಟಿದ್ದ. ಗಡಿಯಾಚೆಯ ಟಿಹುವಾನಾ ಊರಿನ ಮೆಕ್ಸಿಕನ್ ಚಾನೆಲ್ಲಿಗೆ ಅಮೇರಿಕದವರ ಹಂಗಿಲ್ಲ, ಅದು ಎಲ್ಲ ದೇಶದವರನ್ನೂ ತೋರಿಸುತ್ತದೆ, ಆಂಟೆನಾ ದಕ್ಷಿಣಕ್ಕೆ ತಿರುಗಿಸಿದರೆ ಸಾಕು ಎಂದಿದ್ದ. ಆದರೆ ಆ ಬಡಾವಣೆಯಲ್ಲಿ ಛಾವಣಿಯ ಮೇಲೆ ಆಂಟೆನಾ ನಿಲ್ಲಿಸುವುದು ನಿಷಿದ್ಧ. ಎಲ್ಲರೂ ಕೇಬಲ್ ಹಾಕಿಸಿಕೊಂಡಿದ್ದರು. ಗಾಳಿಯಲ್ಲಿ ಬಿಟ್ಟಿ ಬರುವುದಕ್ಕೆ ದುಡ್ಡು ಯಾಕೆ ಎಂದು ಸಂಗನಬಸಪ್ಪ ಮಾತ್ರ ಆಂಟೆನಾವನ್ನು ಅಟ್ಟದಲ್ಲಿ ಅಡಗಿಸಿಟ್ಟಿದ್ದ. ಅಟ್ಟದೊಳಗಿನಿಂದ ಅದಕ್ಕೆ ಟಿಹುವಾನಾ ಸಿಕ್ಕಲಿಲ್ಲ. ಸುತ್ತಲೂ ನೀಲಗಿರಿ ಮರಗಳು ಬೇರೆ.

“ಮ್ಯಾಲೆ ಹತ್ತಬ್ಯಾಡ್ರಿ. ಈಗಾಗ್ಲೇ ಮನ್ಯಾಗ ಒಂದು ಮುರದ ಕಾಲು ಐತಿ,” ಎಂದಳು ಜಯದೇವಿ.

“ಆ ಮುದಿಕಿ ನನಗ ಎರಡು ವರ್ಷ ಅನ್ನಾ ಹಾಕ್ಯಾಳ. ಆಕಿ ಮಮ್ಮಗಳನ್ನ ಒಮ್ಮೆ ತೋರ್ಸಾಕಾಗಲಿಲ್ಲ ಅಂದ್ರ ನಾ ಇದ್ದು ಏನ್ ಉಪಯೋಗ?” ಎಂದ ಸಂಗನಬಸಪ್ಪ. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿ, ಆಂಟೆನಾ ಹೆಗಲ ಮೇಲಿಟ್ಟು ಏಣಿ ಹತ್ತಿದ.

ಅವನು ದಕ್ಷಿಣಕ್ಕೆ ಮುಖ ಮಾಡಿ ನಿಂತು ತಿರುಗಿಸುವುದು, ಜಯದೇವಿ ಕಿಟಕಿಯಿಂದ ಕೂಗುವುದು ಶುರುವಾಯಿತು.

“ಬಂತ್ರಿ. ಮಂದಿ ಕಾಣಾಕತ್ತಾರ. ಹೋತು. ಇನ್ನಷ್ಟು ಎಡಕ್ಕ. ಅಷ್ಟಲ್ರಿ, ಚೂರು.”

ಕಂಬಿಯನ್ನು ತಂತಿಯಿಂದ ಚಿಮಣಿಗೆ ಕಟ್ಟಿದರೆ ಚಿತ್ರ ಹೋಗುತ್ತಿತ್ತು. ಕೈಯಲ್ಲಿ ಎತ್ತಿ ಹಿಡಿದರೆ ಬರುತ್ತಿತ್ತು. ಮೆಕ್ಸಿಕೋ ದೇಶಕ್ಕೆ ಸಂಗನಬಸಪ್ಪನ ಮೈ ಸ್ಪರ್ಶವೇ ಬೇಕಾಗಿತ್ತೋ ಏನೋ.

“ಹಾಂ, ನೀರು ಕಾಣಸ್ತು. ದೋಣಿ. ಹಂಗ ಹಿಡ್ಕೊಂಡು ನಿಂದರ್ರಿ, ಅಲುಗಾಡಬ್ಯಾಡ್ರಿ.”

ಅವನು ಅಲುಗಾಡಲಿಲ್ಲ. ಮೂಗಿನ ತುದಿಯಲ್ಲಿ ನೊಣ ಕೂತು ಎದ್ದು ಹೋಯಿತು, ಬೆವರು ಕಣ್ಣಿಗಿಳಿಯಿತು, ತೋಳು ಮರಗಟ್ಟಿತು. ಕೆಳಗೆ ಇಂಗರವ್ವ ತನ್ನ ಕೂಸನ್ನು ನೋಡುತ್ತಿದ್ದಾಳೆ ಎಂಬ ಒಂದೇ ಸಮಾಧಾನದಲ್ಲಿ ನಿಂತ.

ಎದುರುಮನೆಯ ಹೆಂಗಸಿಗೆ ಕಂಡದ್ದು ಬೇರೆ. ಓಲಿಂಪಿಕ್ಸ್ ನಡೆಯುವ ಹೊತ್ತು, ತಲೆಗೆ ಬಟ್ಟೆ ಸುತ್ತಿದ ಕಪ್ಪು ಮನುಷ್ಯ, ಛಾವಣಿಯ ಮೇಲೆ ನಿಂತು ಗಡಿಯ ಕಡೆಗೆ ಏನನ್ನೋ ಗುರಿ ಹಿಡಿದಿದ್ದಾನೆ. ಆಕೆ ಪೊಲೀಸರಿಗೆ ಫೋನ್ ಮಾಡಿದಳು. ಪೊಲೀಸರ ಕಾರು ಬಂತು, ಅದರ ಬೆನ್ನಿಗೇ ಮದುವೆ ಮನೆಗೆ ಭಟ್ಟರ ಹಿಂದೆ ಬರುವ ಓಲಗದವರಂತೆ ಒಂದು ಟೀವಿ ಸ್ಟೇಷನ್ನಿನ ವ್ಯಾನೂ ಬಂತು.

“ಕೈ ಮೇಲೆತ್ತಿ,” ಎಂದ ಪೊಲೀಸ್.

ಕೈಗಳು ಆಗಲೇ ಮೇಲಿದ್ದವು.

“ಅಲ್ಲಿ ಏನು ಮಾಡುತ್ತಿದ್ದೀರಿ?”

“ಟೀವಿ ನೋಡುತ್ತಿದ್ದೇವೆ.”

“ಟೀವಿ ಎಲ್ಲಿ?”

“ಕೆಳಗೆ.”

“ಮತ್ತೆ ನೀವು?”

“ಮೇಲೆ. ರೇಸ್ ಮುಗಿದ ತಕ್ಷಣ ಇಳಿಯುತ್ತೇನೆ ಸಾರ್, ಬೇಕಾದರೆ ಆಮೇಲೆ ಹಿಡಿದುಕೊಂಡು ಹೋಗಿ.”

ಅಷ್ಟರಲ್ಲಿ ಎಲ್ಲಿಂದಲೋ ಕೇಕೆ, ಚಪ್ಪಾಳೆ ಕೇಳಿಸಿತು. ಇಂಗರವ್ವನ ಗಂಟಲು ಸ್ಪಷ್ಟವಾಗಿ ಕೇಳಿಸಿತು. ಸಂಗನಬಸಪ್ಪನಿಗೆ ಅಳುವೇ ಬಂತು. ನಿಂತಲ್ಲಿಂದಲೇ ಪೊಲೀಸರಿಗೂ ಮೈಕ್ ಹಿಡಿದ ಹುಡುಗಿಗೂ ಎಲ್ಲವನ್ನೂ ಬಿಡಿಸಿ ಹೇಳಿದ. ಕಪ್ಪು ರೊಟ್ಟಿ, ಪ್ಲಾಸ್ಟರ್ ಹಾಕಿದ ಕಾಲು, ಡೆನ್ಮಾರ್ಕಿನ ದೋಣಿ, ಬೇರೆ ದೇಶದವರನ್ನು ತೋರಿಸದ ಇಲ್ಲಿಯ ಚಾನೆಲ್, ಯಾವುದನ್ನೂ ಬಿಡಲಿಲ್ಲ. ಪೊಲೀಸರು ನಕ್ಕು ಹೋದರು. ಮೈಕಿನ ಹುಡುಗಿ ತಲೆಯಾಡಿಸಿ ತಲೆಯಾಡಿಸಿ ಕೇಳಿಕೊಂಡು ಹೋದಳು.

ಸಂಗನಬಸಪ್ಪ ಆಂಟೆನಾ ಚಿಮಣಿಗೆ ಒರಗಿಸಿ, ಇಳಿದು, ಕೈ ಕೊಡವುತ್ತ ಒಳಗೆ ಬಂದ. ಹಾಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಟೀವಿಯಲ್ಲಿ ಚಿತ್ರವಿಲ್ಲದೆ ಬರೀ ಬಿಳಿ ಚುಕ್ಕೆಗಳ ಮಂಜು ಸುರಿಯುತ್ತಿತ್ತು, ಒಳಗಿನಿಂದ ಯಾರೋ ಸ್ಪ್ಯಾನಿಷ್ ಮಾತಾಡುತ್ತಿದ್ದರು. ಕೇಕೆ ಪಕ್ಕದ ಮನೆಯಿಂದ ಬರುತ್ತಿತ್ತು.

ಆದದ್ದು ಇಷ್ಟೇ. ಅವನು ಅಲುಗಾಡದೆ ನಿಂತ ಸ್ವಲ್ಪ ಹೊತ್ತಿಗೆ ವಾಲ್ಟರ್ ಆಂಟೆನಾದ ವಿಷಯ ಜಗಳ ತೆಗೆಯಲು ಬಂದಿದ್ದ. ಬಂದು ನೋಡಿದರೆ, ಚಿತ್ರ ಮತ್ತೆ ಹಾರಿಹೋಗಿ ಮುದುಕಿ ಮಂಜಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ವಾಲ್ಟರ್ ಜಗಳ ಮರೆತ. “ನನ್ನ ಕೇಬಲ್ಲಿನಲ್ಲಿ ಆ ಮೆಕ್ಸಿಕನ್ ಚಾನೆಲ್ಲೂ ಬರುತ್ತದೆ, ನಡೆಯಿರಿ,” ಎಂದು ಕುರ್ಚಿ ಸಮೇತ ಆಕೆಯನ್ನು ಎತ್ತಿಕೊಂಡೇ ಹೋಗಿದ್ದ. ಕುರ್ಚಿಯ ಹಿಂಭಾಗ ಹಿಡಿದದ್ದು ಜಯದೇವಿ. ದಕ್ಷಿಣ ನೋಡುತ್ತ ನಿಂತವನಿಗೆ ಬೆನ್ನ ಹಿಂದೆ ಸಾಗಿದ ಈ ಮೆರವಣಿಗೆ ಕಾಣಿಸಿರಲಿಲ್ಲ. ಪರದೆ ಎಳೆದು, ದೊಡ್ಡ ದನಿ ಇಟ್ಟು, ಎಲ್ಲರೂ ನೋಡಿದ್ದರು. ಮೇಲಿದ್ದವನಿಗೆ ವಾಲ್ಟರ್ ಹೇಳಿರಬೇಕೆಂದು ಜಯದೇವಿ, ಜಯದೇವಿ ಹೇಳಿರಬೇಕೆಂದು ವಾಲ್ಟರ್ ತಿಳಿದುಕೊಂಡಿದ್ದರು.

“ನಮ್ಮ ಮೆಟ್ಟಿ ಎರಡನೇದಾಕಿ ಬಂದಳ್ರಿ, ಫೈನಲ್‌ಗೆ ಹೋದಳು,” ಎಂದು ಜಯದೇವಿ ಅವನ ಕೈಗೆ ತಣ್ಣಗಾದ ಚಹಾ ಕೊಟ್ಟಳು. “ನೀವು ನೋಡಬೇಕಾಗಿತ್ತು.”

“ಹ್ಯಾಂಗ ಆಗ್ಯಾಳ ಕೂಸು?” ಎಂದ ಸಂಗನಬಸಪ್ಪ. ಅವನಿಗೆ ನಿಜವಾಗಿಯೂ ನೋವಾಗಿತ್ತು.

“ಏನಂತ ಹೇಳ್ಲಿ? ಎತ್ತರ ಆಗ್ಯಾಳ.”

ಸಂಜೆ ಎಲ್ಲರೂ ವಾಲ್ಟರನ ಮನೆಯಲ್ಲೇ ವಾರ್ತೆ ನೋಡಲು ಕೂತರು. ಮೆಟ್ಟೆಯ ದೋಣಿಯ ತುದಿಯೂ ಕಾಣಲಿಲ್ಲ. ಕೊನೆಯಲ್ಲಿ ಸಂಗನಬಸಪ್ಪ ಬಂದ. ಟವೆಲ್ ಸುತ್ತಿ, ಕೈ ಮೇಲೆತ್ತಿ, ನೀಲಗಿರಿ ಮರಗಳ ನಡುವೆ ಬೇತಾಳನಂತೆ ನಿಂತಿದ್ದ. ಅವನ ಬಾಯಿ ಆಡುತ್ತಿತ್ತು, ದನಿ ಮಾತ್ರ ಮೈಕಿನ ಹುಡುಗಿಯದು. ನಮ್ಮ ಅಮೇರಿಕದ ತಂಡದ ಮೇಲಿನ ಪ್ರೀತಿಗೆ ಈ ಹೊಸ ನಾಗರಿಕ ಏನು ಮಾಡಿದ್ದಾನೆ ನೋಡಿ, ಎಂದಳು. ಹಿಂದೆ ಬಾವುಟದ ಚಿತ್ರ, ಆಮೇಲೆ ಸಾಬೂನು.

ವಾಲ್ಟರ್ ತನ್ನ ಟೀವಿಯನ್ನು ತಾನೇ ಬಂದ್ ಮಾಡಿದ. “ಒಂದು ಮಾತೂ ನಿಜವಿಲ್ಲವಲ್ಲ,” ಎಂದು ಮೆಲ್ಲಗೆ ಹೇಳಿದ.

“ನಮ್ಮ ರೇಡಿಯೋ ಹೀಗೆ ಮಾಡುವುದಿಲ್ಲ,” ಎಂದಳು ಇಂಗರವ್ವ. ಮೆಟ್ಟೆಯ ಅಜ್ಜಿಯ ಮಾತು ಬೇಕೆಂದು ಡೆನ್ಮಾರ್ಕಿನ ರೇಡಿಯೋದವನು, ಆಕೆ ಮೆಟ್ಟೆಗೆ ತಿಳಿಸಿದ್ದ ವಾಲ್ಟರನ ನಂಬರಿಗೆ ಫೋನ್ ಮಾಡಿದ್ದು ಅದೇ ಹೊತ್ತಿಗೆ. ಆಕೆ ನಡೆದದ್ದೆಲ್ಲ ಹೇಳಿದಳು. ಅವನು ತಾನು ಬರೆದುಕೊಂಡದ್ದನ್ನು ಓದಿ ಒಪ್ಪಿಸಿದ. ಅಮೇರಿಕದಲ್ಲಿ ನಮ್ಮವರ ಆಟ ನೋಡಬೇಕಾದರೆ ಪೊಲೀಸರಿಗೆ ಹೆದರುತ್ತ ಕದ್ದು ಛಾವಣಿ ಏರಬೇಕು ಎಂದಿತ್ತು. ಇಂಗರವ್ವ ಫೋನ್ ಇಟ್ಟಳು.

“ಏನಂದರು?” ವಾಲ್ಟರ್ ಕೇಳಿದ.

“ನಿಮ್ಮವರು ಅಂದ ಹಾಗೆಯೇ ಅಂದರು,” ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ಸಂಗನಬಸಪ್ಪನೂ ನಕ್ಕ. ತನ್ನ ಕಷ್ಟದಿಂದ ಎರಡು ಖಂಡ ಒಂದಾಯಿತಲ್ಲ ಎಂದು ಅವನ ಎದೆ ತುಂಬಿತು.

“ಆದರೆ ಸ್ಯಾಮ್,” ಎಂದ ವಾಲ್ಟರ್. “ಆ ಆಂಟೆನಾ. ನಾನೊಬ್ಬನೇ ನೋಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಈಗ ಇಡೀ ಸ್ಯಾನ್ ಡಿಯಾಗೋ ನೋಡಿದೆ. ನಾಳೆ ಹತ್ತಕ್ಕೆ ಸಂಘದವರು ಬಂದು ಎದುರಿಗೆ ನಿಂತು ನಿನ್ನ ಕೈಯಿಂದಲೇ ಇಳಿಸುತ್ತಾರೆ.”

ಸಂಗನಬಸಪ್ಪ ಆಸೆಯಿಂದ ಇಂಗರವ್ವನ ಕಡೆ ನೋಡಿದ. ಆಕೆ ಗಂಭೀರವಾಗಿ ತಲೆಯಾಡಿಸಿದಳು. “ವಾಲ್ಟರ್ ಹೇಳುವುದು ಸರಿ ಮಗಾ. ನಿಯಮ ಅಂದರೆ ನಿಯಮ. ನಮ್ಮಲ್ಲೂ ಹಾಗೆಯೇ.” ಅಮೇರಿಕ, ಯುರೋಪು ಎರಡೂ ಸೇರಿ ಒಪ್ಪಿದ ಮೊದಲ ಮಾತು ಅದು.

“ನಾಳೆ ಹತ್ತಕ್ಕ ಮೆಟ್ಟೀದು ಫೈನಲ್ ಅಲ್ಲೇನ?” ಎಂದು ಅವನು ಹೆಂಡತಿಯನ್ನು ಮೆಲ್ಲಗೆ ಕೇಳಿದ.

“ಹೌದ್ರಿ. ಚಿಂತಿ ಮಾಡಬ್ಯಾಡ್ರಿ,” ಎಂದಳು ಜಯದೇವಿ. “ನಾವು ಇಲ್ಲೇ ನೋಡ್ತೀವಿ. ಏನಾತು ಅಂತ ಕಿಡಕಿಯಿಂದ ಒದರಿ ಹೇಳ್ತೀನಿ.”

ಸಂಗನಬಸಪ್ಪನಿಗೆ ಆ ಮಾತಿನ ಮೇಲೆ ನಂಬಿಕೆ ಬರಲಿಲ್ಲ.